ಸದ್ದು ಮಾಡಿಯೇ ಮೆಟ್ಟಿಲು ಹತ್ತುವ ಅಸ್ಸಾಫ್

ಇಸ್ರೇಲಿನ ಬೇರ್‌ಶೆವಾದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಅಸ್ಸಾಫ್ ಎಲ್ಹಾರರ್ ಸ್ಪ್ಯಾನರ್ ಚೀಲವನ್ನು ಕಂಬಿಗೆ ಬಡಿಯುತ್ತಾ ಮೆಟ್ಟಿಲು ಹತ್ತುತ್ತಿದ್ದಾರೆ. ಹಿಂದೆ, ಅವರ ಬಗ್ಗೆ ಬರೆಯಲೆಂದು ಬಂದ ನಾನು.

"ಬಿಸಿನೀರಿನವನು! ಬರೀ ಬಿಸಿನೀರಿನವನು!" ಎಂದು ಅವರ ಕೂಗು.

ಮಲಗಿದ್ದವರು ಒಳಗಿಂದಲೇ ಬೈಯುತ್ತಾರೆ. "ಬೈಲಿ ಬಿಡಿ, ಎದೆ ಒಡ್ಕೊಳ್ಳೋದಕ್ಕಿಂತ ವಾಸಿ," ಎನ್ನುತ್ತಾರೆ ಅಸ್ಸಾಫ್.

ಮಾಳಿಗೆಗಳ ಮೇಲಿನ ಸೋಲಾರ್ ಟ್ಯಾಂಕ್ ರಿಪೇರಿ ಇವರ ಹೊಟ್ಟೆಪಾಡು. ಸೇನೆಯ ಮೀಸಲು ಪಡೆ ಕರೆದಾಗ ಕೆಲಸವೇ ಬೇರೆ: ಸತ್ತ ಯೋಧನ ಮನೆಯ ಬಾಗಿಲು ತಟ್ಟಿ ಸುದ್ದಿ ಹೇಳುವುದು. ಆಗ ಸಮವಸ್ತ್ರ ತೊಟ್ಟು, ಮುಂಚೆ ಫೋನ್ ಮಾಡದೆ, ಸದ್ದಿಲ್ಲದೆ ಹೋಗಬೇಕು. ಎರಡೂ ಇದೇ ಊರಿನಲ್ಲಿ. ಬಾಗಿಲಲ್ಲಿ ಇವರನ್ನು ಕಂಡರೆ ಸಾವಿನ ಸುದ್ದಿಯೇ ಬಂತೆಂದು ಜನ ಹೆದರುತ್ತಾರೆ. ಹಾಗಾಗಿ ಗಿರಾಕಿಗಳು ಕಡಿಮೆಯಾಗುತ್ತಿದ್ದಾರೆ. ನಮ್ಮ ಪಕ್ಕದ ಮನೆಯಾಕೆ, ಸೇನೆಯಲ್ಲಿರುವ ಮಗ ರಜೆಗೆ ಬರುವ ತನಕ ತಣ್ಣೀರಲ್ಲೇ ಸ್ನಾನ ಮಾಡಿದರೇ ಹೊರತು ಇವರನ್ನು ಕರೆಯಲಿಲ್ಲ.

"ಅದನ್ನಾದ್ರೂ ಬಿಡು, ಇದನ್ನಾದ್ರೂ ಬಿಡು ಅಂತಾಳೆ ಹೆಂಡ್ತಿ. ಸುದ್ದಿ ಹೇಳೋದನ್ನ ಬಿಟ್ರೆ ಇನ್ಯಾರೋ ಹೋಗಿ, ಅವಸರದಲ್ಲಿ ಹೇಳಿ ಬಂದ್ಬಿಡ್ತಾರೆ."

ಇಂದು ಅವರು ಪ್ರತಿ ಮಹಡಿಯಲ್ಲೂ ನಿಂತು ನಿಂತು ಹತ್ತುತ್ತಿದ್ದಾರೆ. ಕರೆಸಿರುವುದು ಅಲೀಜಾ. ಕಳೆದ ಚಳಿಗಾಲದಲ್ಲಿ ಆಕೆಯ ಹಿರಿಮಗ ಲಿದೋರ್ ಸತ್ತ ಸುದ್ದಿ ಮುಟ್ಟಿಸಿದ್ದು ಇವರೇ. "ಆ ಬಾಗಿಲು ಮತ್ತೆ ತಟ್ಟೋಕೆ ಧೈರ್ಯ ಸಾಲ್ತಿಲ್ಲ ಕಣ್ರೀ. ನನ್ನ ನೋಡಿ ಅವ್ರಿಗೆ ಏನಾಗುತ್ತೋ."

ಅಲೀಜಾ ಬಾಗಿಲು ತೆರೆದು ಹೊಸ್ತಿಲಲ್ಲೇ ನಿಂತಿದ್ದಾರೆ. "ಊರನ್ನೆಲ್ಲಾ ಎಬ್ಬಿಸಿದ್ಯಲ್ಲೋ, ಕತ್ತೆ! ಮೇಲ್ಹೋಗು, ಟ್ಯಾಂಕ್ ಸೋರಿ ಗೋಡೆಯೆಲ್ಲಾ ನೆಂದಿದೆ."

ತುಕ್ಕು ಹಿಡಿದ ಪೈಪು ಬದಲಿಸಿ ಕೆಳಗಿಳಿಯುವಷ್ಟರಲ್ಲಿ ಪುದೀನ ಚಹಾ ಸಿದ್ಧವಾಗಿದೆ. ಅಲೀಜಾ ಕಿರಿಮಗ ಓಫೆಕ್‌ನ ಮಾತೆತ್ತುತ್ತಾರೆ. ಅಣ್ಣನನ್ನು ಕಳೆದುಕೊಂಡವನು ಯುದ್ಧಕ್ಕೆ ಹೋಗಬೇಕೆಂದರೆ ಹೆತ್ತವರ ಒಪ್ಪಿಗೆ ಬೇಕೆಂಬುದು ಸೇನೆಯ ನಿಯಮ. ಹುಡುಗ ಅತ್ತು ಕರೆದು ತಾಯಿಯನ್ನು ಒಪ್ಪಿಸಿ ಹೋಗಿದ್ದಾನೆ.

"ಒಂದು ಮಾತು ಕೊಡು, ಅಸ್ಸಾಫ್. ಅಕಸ್ಮಾತ್ ಇವನದ್ದೂ ಸುದ್ದಿ ಬಂದ್ರೆ ನೀನೇ ಬಾ. ಗುರುತಿಲ್ಲದವ್ರು ಬೇಡ. ಅವತ್ತು ಬೆಳಗಾಗೋವರ್ಗೂ ನನ್ನ ಪಕ್ಕ ಕೂತಿದ್ಯಲ್ಲ, ಹಾಗೇ ಕೂರು."

ಅಸ್ಸಾಫ್ ಲೋಟ ಕೆಳಗಿಡುತ್ತಾರೆ. ಅಲೀಜಾ ಕಣ್ಣು ಕೀಳದೆ ನೋಡುತ್ತಿದ್ದಾರೆ. ನನಗೋ ಅಲ್ಲಿಂದ ಎದ್ದು ಓಡಿಬಿಡೋಣ ಎನ್ನಿಸುವಷ್ಟು ಭಯ.

"ಬರ್ತೀನಮ್ಮಾ," ಎನ್ನುತ್ತಾರೆ ಕೊನೆಗೆ.

ಬೀದಿಗಿಳಿದು ಅವರು ಚೀಲವನ್ನು ಹೆಗಲಿಗೇರಿಸುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಅವ್ರ ಟ್ಯಾಂಕ್ ವಾರವಾರ ಸೋರಲಿ. ಬಿಟ್ಟಿ ರಿಪೇರಿ ಮಾಡ್ಕೊಡ್ತೀನಿ. ಕೊಟ್ಟ ಮಾತು ಉಳಿಸ್ಕೊಳ್ಳೋ ದಿನ ಮಾತ್ರ ಬರದೇ ಇರಲಿ."