ಬರೇ ನೆಗಡಿ ಗುಳಿಗಿ

ಅಕ್ಕಿಆಲೂರಿನ ಕರಬಸಪ್ಪ ಮದುವೆ ಮನೆಗಳ ಅಡುಗೆಯವನು. ಹಾನಗಲ್ಲ, ಶಿಗ್ಗಾಂವ, ಹಿರೇಕೆರೂರು ಕಡೆ ಅವನ ಗೋಧಿ ಹುಗ್ಗಿಗೆ ದೊಡ್ಡ ಹೆಸರಿತ್ತು. ನೈವೇದ್ಯ ಆಗುವ ಮೊದಲು ಅಡುಗೆಯನ್ನು ಬಾಯಿಗೆ ಹಚ್ಚುವಂತಿಲ್ಲ ಎಂದು ಅವನ ಅಪ್ಪ ಕಲಿಸಿದ್ದ. ಹಾಗಾಗಿ ಕರಬಸಪ್ಪ ಎಲ್ಲವನ್ನೂ ಮೂಗಿನಿಂದಲೇ ನೋಡುತ್ತಿದ್ದ. ಹಂಡೆಯ ಮೇಲೆ ಬಗ್ಗಿ, ಉಗಿ ಎಳೆದುಕೊಂಡು, ‘ಉರಿ ತಗೀರಿ, ತಳ ಹಿಡಿಯಾಕತ್ತೈತಿ’ ಎಂದರೆ ಮುಗಿಯಿತು. ಸೌಟು ಹಾಕಿ ನೋಡುವ ಪ್ರಶ್ನೆಯೇ ಇರಲಿಲ್ಲ.

ಅಂಥವನಿಗೆ ಮಾಘದ ಮದುವೆಗಳ ನಡುವೆ ನೆಗಡಿ ಹಿಡಿಯಿತು. ಶಿಗ್ಗಾಂವದ ಮದುವೆಯ ಹಿಂದಿನ ದಿನ ಸಾರಿಗೆ ಒಗ್ಗರಣೆ ಕೊಟ್ಟು ಬಗ್ಗಿದರೆ ಬೆಳ್ಳುಳ್ಳಿಯ ಸುಳಿವೇ ಇಲ್ಲ. ಅವನು ಗಾಬರಿಯಾಗಿ, ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಸರೋಜವ್ವನನ್ನು ಕರೆದ.

“ಏನೂ ವಾಸನಿ ಬರವಲ್ದು. ನೀ ಬಂದು ನೋಡು.”

“ಸಾರು ಚಲೋ ಐತಿ. ನಿಮ್ಮ ಮೈ ಸುಡಾಕತ್ತೈತಿ. ಹೋಗಿ ಮಕ್ಕೋರಿ.”

“ಮಕ್ಕೊಂಡ್ರ ಹುಗ್ಗಿ ನಿಮ್ಮಪ್ಪ ಬಂದು ಮಾಡ್ತಾನೇನು?”

ಅವನು ಹೆದ್ದಾರಿ ಪಕ್ಕದ ಔಷಧದ ಅಂಗಡಿಗೆ ಹೋಗಿ, ನೆಗಡಿಗೆ ‘ಜೋರು ಗುಳಿಗಿ’ ಕೇಳಿ ತಂದ. ಹಳದಿ ಬಣ್ಣದವು. ಒಂದು ನುಂಗಿದ ಸ್ವಲ್ಪ ಹೊತ್ತಿಗೆ ಮೂಗು ಬಿಚ್ಚಿತು, ಮೈ ಹಗುರಾಯಿತು, ಏಲಕ್ಕಿಯ ವಾಸನೆ ಬಂತು. ಆ ಸುಖಕ್ಕೆ ಅವನು ಸೋತುಹೋದ. ಮೂಗು ಮತ್ತೆ ಕಟ್ಟಿತು ಅನ್ನಿಸಿದಾಗಲೆಲ್ಲ ಇನ್ನೊಂದು ಬಾಯಿಗೆ ಹಾಕತೊಡಗಿದ.

ಹಂಡೆ ಎತ್ತಿ ಎತ್ತಿ ಹಾಳಾದ ಸೊಂಟಕ್ಕೆ ಬೆಳಗ್ಗೆ ಸಂಜೆ ಚಹಾದ ಜೊತೆ ಬಿಳಿ ಗುಳಿಗೆ ನುಂಗುವುದು ಅವನಿಗೆ ಎಷ್ಟೋ ವರ್ಷಗಳ ರೂಢಿ. ಅದೂ ನಡೆದೇ ಇತ್ತು. ಇತ್ತ ಸರೋಜವ್ವ ಗಂಡನ ಹಣೆ ಮುಟ್ಟಿ ನೋಡಿ, ಬಿಸಿ ಕಂಡಾಗಲೆಲ್ಲ ತನ್ನ ಚೀಲದಿಂದ ಜ್ವರದ ದೊಡ್ಡ ಗುಳಿಗೆ ತೆಗೆದು ಕೊಡುತ್ತಿದ್ದಳು. ನೆಗಡಿಯದು ನೆಗಡಿಗೆ, ಸೊಂಟದ್ದು ಸೊಂಟಕ್ಕೆ, ಜ್ವರದ್ದು ಜ್ವರಕ್ಕೆ ಎಂದು ಇಬ್ಬರೂ ತಿಳಿದಿದ್ದರು. ಇಡೀ ದಿನ ಎಣ್ಣೆ ಹೊಗೆ ಕುಡಿದವನಿಗೆ ಮೊದಲೇ ಅನ್ನ ಸೇರುತ್ತಿರಲಿಲ್ಲ. ಈಗಂತೂ ಬರೀ ಚಹಾ, ಗುಳಿಗೆ, ಮತ್ತೆ ಚಹಾ.

ಹಾನಗಲ್ಲಿನ ಮದುವೆಯಲ್ಲಿ ಅವನು ಪೆಂಡಾಲಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡ. ಪಿತ್ತ ಎಂದರು ಎಲ್ಲರೂ. ಲಿಂಬೆ ಶರಬತ್ತು ಕುಡಿದ. ಮರುದಿನ ಹೊಟ್ಟೆ ಹಗುರಾದಂತಾಗಿ, ಎದ್ದು ನಗುನಗುತ್ತಲೇ ಬದನೆಕಾಯಿ ಸೀಳಿದ. ಸಂಜೆ ಬಲಗಡೆಯ ಪಕ್ಕೆಲುಬಿನ ಕೆಳಗೆ ನೋವು ಶುರುವಾಯಿತು. ಹಂಡೆ ಎತ್ತುವಾಗ ಎಲ್ಲೋ ಉಳುಕಿರಬೇಕು ಎಂದುಕೊಂಡು, ಆ ನೋವಿಗೂ ಸೊಂಟದ ಗುಳಿಗೆಯನ್ನೇ ನುಂಗಿದ.

ಊರಿಗೆ ಬಂದ ಮೇಲೆ ಹಿತ್ತಲ ಬಿಸಿಲಿನಲ್ಲಿ ಕೂತವನ ಮುಖ ನೋಡಿ ಸರೋಜವ್ವ ಬೆಚ್ಚಿದಳು. ಕಣ್ಣಿನ ಬಿಳಿಗುಡ್ಡೆ ಅರಿಶಿಣ ಬಳಿದಂತಿತ್ತು.

“ಕಾಮಣಿ ಇದು,” ಎಂದಳು ಪಕ್ಕದ ಮನೆಯ ಶಾರವ್ವ. “ಇದಕ್ಕ ಇಂಗ್ಲಿಷ್ ಔಷಧ ನಡಿಯೂದಿಲ್ಲ. ಬೇರು ತೇದು ಮಜ್ಜಿಗ್ಯಾಗ ಕೊಡೋರು ಅದಾರ, ಅಲ್ಲಿಗೆ ಕರಕೊಂಡು ಹೋಗು.”

ಪಾತ್ರೆ ಸಾಗಿಸುವ ಟೆಂಪೋದ ಪೀರಸಾಬ ಕರಬಸಪ್ಪನ ಹಳೆಯ ಜೊತೆಗಾರ. ಫೋನು ಮಾಡಿದ ಕೂಡಲೇ ಬಂದು, ಗಂಡ ಹೆಂಡತಿ ಇಬ್ಬರನ್ನೂ ಹತ್ತಿಸಿಕೊಂಡು ಬೇರು ಕೊಡುವವರ ಊರಿನ ಕಡೆ ಹೊರಟ. ಊರು ದಾಟಿ ಸ್ವಲ್ಪ ದೂರ ಹೋಗಿರಬೇಕು, ಪಕ್ಕದಲ್ಲಿ ತೂಕಡಿಸುತ್ತಿದ್ದ ಕರಬಸಪ್ಪ ಕಣ್ಣು ಬಿಟ್ಟು ಸಿಟ್ಟಿನಿಂದ ಕೂಗಿದ: “ಪೀರಣ್ಣ, ಎಷ್ಟ ಸಲ ಹೇಳಬೇಕು? ಉರಿ ತಗಿ! ಹುಗ್ಗಿ ಸೀದು ಹೋಗಾಕತ್ತೈತಿ!”

ಸುತ್ತ ಭತ್ತದ ಗದ್ದೆ ಬಿಟ್ಟರೆ ಏನೂ ಇರಲಿಲ್ಲ. ಪೀರಸಾಬ ಗಾಡಿ ನಿಲ್ಲಿಸಿ ಗೆಳೆಯನ ಮುಖವನ್ನೇ ನೋಡಿದ. ಆ ಕಣ್ಣುಗಳಿಗೆ ಅವನ ಗುರುತು ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು.

“ಅಕ್ಕಾ, ಇದು ಬೇರಿಗೆ ಬಗ್ಗೂ ಬ್ಯಾನಿ ಅಲ್ಲ. ಹುಬ್ಬಳ್ಳಿಗೆ ಹೋಗೂಣು,” ಎಂದವನೇ ಟೆಂಪೋ ತಿರುಗಿಸಿದ. ಸರೋಜವ್ವ ದಾರಿಯುದ್ದಕ್ಕೂ ಗಂಡನ ಕೈ ಹಿಡಿದೇ ಕೂತಿದ್ದಳು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಅವನನ್ನು ನೋಡಿದ ಡಾಕ್ಟರು ನುಜಹತ, ಸವಣೂರಿನ ಹುಡುಗಿ. ರಕ್ತ ಪರೀಕ್ಷೆಯ ವರದಿ ಬಂದಾಗ ಅವಳ ಹುಬ್ಬು ಗಂಟಿಕ್ಕಿತು.

“ಇವರು ಕುಡೀತಾರೇನ್ರಿ ಅಕ್ಕ?”

“ಕೊರಳಾಗ ಲಿಂಗ ಐತ್ರಿ. ಒಂದ್ ಹನಿ ಮುಟ್ಟಿದವರಲ್ಲ.”

“ಬ್ಯಾರೆ ಏನರ ಔಷಧ ತಗೊಂಡಾರೇನು?”

“ಏನೂ ಇಲ್ರಿ. ಬರೇ ನೆಗಡಿ ಗುಳಿಗಿ.”

ಡಾಕ್ಟರು ತಲೆ ಎತ್ತಿದಳು. “ಇದ್ರ ತೋರಸ್ರಿ.”

ಸರೋಜವ್ವ ಚೀಲ ಸುರುವಿದಳು. ಹಳದಿ, ಬಿಳಿ, ದೊಡ್ಡವು. ಮೂರು ಬಗೆಯ ಗುಳಿಗೆಗಳ ಖಾಲಿ ಪಟ್ಟಿಗಳು ಮೇಜಿನ ಮೇಲೆ ಬಿದ್ದವು. ನುಜಹತ ಒಂದೊಂದನ್ನೂ ಮಗುಚಿ, ಹಿಂದಿನ ಸಣ್ಣ ಅಕ್ಷರಗಳ ಮೇಲೆ ಉಗುರು ಇಟ್ಟು ಓದಿದಳು. ಆಮೇಲೆ ಮೂರನ್ನೂ ಒಂದರ ಪಕ್ಕ ಒಂದು ಇಟ್ಟಳು.

“ಅಕ್ಕ, ಹೆಸರು ಬ್ಯಾರೆ, ಬಣ್ಣ ಬ್ಯಾರೆ. ಆದ್ರ ಪ್ಯಾರಾಸಿಟಮಾಲ್ ಮೂರರಾಗೂ ಐತಿ. ಅಳತಿಯೊಳಗ ಇದ್ರ ಅದು ಚಲೋ ಔಷಧ. ಅಳತಿ ಮೀರಿದ್ರ ಲಿವರ್ ಹಾಳ ಮಾಡತೈತಿ. ಇವರು ಒಂದ ಔಷಧಾನ ಮೂರು ಕಡಿಯಿಂದ ನುಂಗ್ಯಾರ. ಹೊಟ್ಟ್ಯಾಗ ಅನ್ನಾನೂ ಇಲ್ಲ.”

ಸರೋಜವ್ವನ ಕೈ ಮೇಜಿನ ಮೇಲೆಯೇ ಉಳಿಯಿತು. “ಜ್ವರದ್ದು ನಾನ ಕೊಟ್ಟೇನ್ರಿ. ನನ್ನ ಕೈಯಾರ.”

ಡಾಕ್ಟರು ಪಟ್ಟಿಗಳನ್ನು ಎತ್ತಿಕೊಂಡು, “ಇದನ್ನ ಇಳಸೋ ಔಷಧ ಐತ್ರಿ. ತಡಾ ಆಗೇತಿ, ಆದ್ರೂ ಹಚ್ಚತೇನಿ,” ಎಂದು ಒಳಗೆ ಹೋದಳು.

ಕರಬಸಪ್ಪನನ್ನು ಗಾಜಿನ ಬಾಗಿಲಿನ ಕೋಣೆಗೆ ಸೇರಿಸಿದರು. ಬಾಟಲಿಯಿಂದ ಔಷಧ ಹನಿಹನಿಯಾಗಿ ಇಳಿಯುತ್ತಿತ್ತು. ಅವನು ಒಮ್ಮೆ ಯಾರನ್ನೋ ಬೈಯುತ್ತಿದ್ದ, ಒಮ್ಮೆ ಕಲ್ಲಿನಂತೆ ಬಿದ್ದಿರುತ್ತಿದ್ದ. ಸರೋಜವ್ವ ಹೊರಗೆ ಗೋಡೆಗೆ ಒರಗಿ ಕೂತು, ಪೀರಸಾಬ ತಂದ ಇಡ್ಲಿಯನ್ನು ಬಿಚ್ಚದೆ ಹಾಗೇ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಕಣ್ಣು ಮುಚ್ಚಿದರೆ ತನ್ನ ಕೈ, ಅದರಲ್ಲಿ ನೀರಿನ ಲೋಟ, ಗುಳಿಗೆ. ಅಷ್ಟರಲ್ಲಿ ಊರಿನಿಂದ ಶಾರವ್ವನ ಫೋನು ಬಂತು: “ಮಂದಿ ಏನೇನೋ ಅನ್ನಾಕತ್ತಾರವಾ. ಕಳ್ಳತನದಿಂದ ಕುಡೀತಿದ್ನಂತ, ಅದಕ್ಕ ಲಿವರ್ ಹೋಗೇತಂತ. ಖರೇನ ಏನು?”

ಸರೋಜವ್ವ ಫೋನು ಇಟ್ಟುಬಿಟ್ಟಳು.

ಕೊನೆಗೊಂದು ಬೆಳಗ್ಗೆ ಕಸ ಗುಡಿಸುವವಳು ನೆಲ ಒರೆಸಿ ಹೋದ ಮೇಲೆ ಕರಬಸಪ್ಪ ಕ್ಷೀಣ ದನಿಯಲ್ಲಿ, “ಫಿನಾಯಿಲ್ ವಾಸನಿ ಬಾಳ ಹೊಡ್ಯಾಕತ್ತೈತಿ, ಕಿಟಕಿ ತಗಿ,” ಎಂದ. ಮಂಚದ ಪಕ್ಕ ನಿಂತಿದ್ದ ಸರೋಜವ್ವ ಕಿಟಕಿ ತೆಗೆಯುವುದನ್ನು ಮರೆತು ಅಲ್ಲೇ ಕೂತು ಅತ್ತಳು.

ಜೀವ ಉಳಿಯಿತು. ಲಿವರೂ ನಿಧಾನವಾಗಿ ಚೇತರಿಸಿಕೊಂಡಿತು. ಊರ ಮಾತು ಮಾತ್ರ ವಾಸಿಯಾಗಲಿಲ್ಲ. ಅಡುಗೆಗೆ ಗೊತ್ತು ಮಾಡಿದ್ದವರು ಏನೇನೋ ನೆಪ ಹೇಳಿದರು, ಮದುವೆಗಳು ಕೈತಪ್ಪಿದವು. ‘ನೆಗಡಿ ಗುಳಿಗಿಯಿಂದ ಹಿಂಗಾತು’ ಎಂದು ಅವನು ಹೇಳಿದರೆ ಜನ ಹೌದು ಹೌದು ಎಂದು ತಲೆಯಾಡಿಸಿ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಮುಂದಿನ ಚಳಿಗಾಲಕ್ಕೆ ಆ ಮಾತು ಮುಟ್ಟದ ಚಿಕ್ಕೇರೂರಿನಿಂದ ಒಂದು ಮದುವೆಯ ಕರೆ ಬಂತು. ಒಲೆ ಹಚ್ಚಿ ಬೆಲ್ಲ ಕರಗಿಸುತ್ತಿರುವಾಗ, ಕಟ್ಟೆಯ ಮೇಲೆ ಕೂತ ಮದುಮಗಳ ಅಜ್ಜಿ ಸೀನುತ್ತಿರುವುದು, ಮೊಮ್ಮಗ ರುದ್ರೇಶ ಅವಳಿಗೆ ಗುಳಿಗೆ ಕೊಡುವುದು ಕಂಡಿತು. ಕರಬಸಪ್ಪ ಸೌಟು ಬಿಟ್ಟು ಎದ್ದುಹೋದ.

“ಅವ್ವಾರು ಬ್ಯಾರೆ ಏನರ ಗುಳಿಗಿ ನುಂಗ್ಯಾರೇನ್ರಿ?”

“ಮೊಣಕಾಲಿಂದು ದಿನಾ ತಗೋತಾಳ. ಯಾಕ?”

“ಎರಡೂ ಪಟ್ಟಿ ತಂದು ಹಿಂದಿಂದು ಓದಿ ನೋಡ್ರಿ. ಒಳಗಿನ ಔಷಧ ಒಂದ ಇರಬಹುದು. ನನಗ ಇಂಗ್ಲಿಷ್ ಬರೂದಿಲ್ಲ.”

ರುದ್ರೇಶ ನಕ್ಕ. “ಒಂದು ನೆಗಡಿ ಗುಳಿಗಿಗೆ ಏನಾಕ್ಕೈತ್ರಿ? ಬೀಗರು ಬರೂ ಹೊತ್ತಾತು. ನೀವು ಹುಗ್ಗಿ ನೋಡ್ರಿ.”

“ಒಂದಕ್ಕ ನನಗೂ ಏನೂ ಆಗಿರಲಿಲ್ರಿ.”

ಅಂಗೈಯಲ್ಲಿ ಗುಳಿಗೆ ಹಿಡಿದಿದ್ದ ಮುದುಕಿ ಇಬ್ಬರ ಮುಖವನ್ನೂ ನೋಡಿದಳು. “ಮೂಗು ಕಟ್ಟೇತಪಾ,” ಎಂದು ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

ಕರಬಸಪ್ಪ ಒಲೆಯ ಬಳಿಗೆ ಮರಳಿದ. ಸಂಜೆ ಪೀರಸಾಬನ ಟೆಂಪೋಗೆ ಪಾತ್ರೆ ಏರಿಸುವಾಗ ಅವನು ಇನ್ನೊಮ್ಮೆ ಕಟ್ಟೆಯ ಕಡೆ ನೋಡಿದ. ಮುದುಕಿ ಕಂಬಕ್ಕೆ ಒರಗಿ ಕೂತಿದ್ದಳು. ಎಲೆಯ ಮೇಲಿನ ಹುಗ್ಗಿ ಹಾಗೇ ಇತ್ತು. ರುದ್ರೇಶ ಅವಳ ಪಕ್ಕದಲ್ಲಿ ಬಗ್ಗಿ, ಪಟ್ಟಿಯನ್ನು ಒತ್ತಿ, ಅವಳ ಅಂಗೈಗೆ ಇನ್ನೊಂದು ಗುಳಿಗೆ ಹಾಕುತ್ತಿದ್ದ.