ಹದಿನೇಳು ಒಂದುಗಳು

ನನ್ನ ಗಂಡ ಚನ್ನರಾಯಪಟ್ಟಣದಲ್ಲಿ ಗಣಿತದ ಲೆಕ್ಚರರ್. ನಾನು ಅರಕಲಗೂಡಿನಲ್ಲಿ ಹೈಸ್ಕೂಲಿನ ಕನ್ನಡ ಟೀಚರ್. ಇಬ್ಬರಿಗೂ ನಡುವೆ ಆಗಲಿ ಎಂದು ಹೊಳೆನರಸೀಪುರದಲ್ಲಿ ಮನೆ ಮಾಡಿದ್ದೆವು. ಇದ್ದವಳು ಒಬ್ಬಳೇ ಮಗಳು. ಪಿಯುಸಿ ಓದುವಾಗ ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಆಮೇಲೆ ನಾವು ಬದುಕಿದ್ದೆಲ್ಲ ಹಾಸನದ ಆಸ್ಪತ್ರೆಯೊಂದರಲ್ಲಿ.

ಡ್ರಿಪ್ ಹಾಕಿದಾಗ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಮೊಬೈಲ್ ನೋಡಿದರೆ ತಲೆನೋವು. ಅದಕ್ಕೆ ಅಪ್ಪ ಮಗಳು ಒಂದು ಆಟ ಹೂಡಿದರು. ಬರೀ ಒಂದನ್ನೇ ಸಾಲಾಗಿ ಬರೆಯುವುದು, ಬಂದ ಸಂಖ್ಯೆ ಯಾವುದರಿಂದಾದರೂ ಶೇಷವಿಲ್ಲದೆ ಭಾಗವಾಗುತ್ತದೆಯೇ ನೋಡುವುದು. ಹನ್ನೊಂದು ಭಾಗವಾಗುವುದಿಲ್ಲ. ನೂರಾ ಹನ್ನೊಂದು ಮೂರಕ್ಕೇ ಒಡೆಯಿತು. ಐದು ಒಂದುಗಳ ಸಂಖ್ಯೆಯನ್ನು ನಲವತ್ತೊಂದು ಒಡೆಯಿತು. ಹದಿಮೂರು ಒಂದುಗಳದ್ದು ಐವತ್ತಮೂರಕ್ಕೆ ಸೋತಿತು. ಹದಿನೇಳರದ್ದು ಮಾತ್ರ ಜಗ್ಗಲಿಲ್ಲ.

"ಇದು ಒಡಿಯಲ್ಲ ಕಣಪ್ಪ," ಎಂದಳು ಮಗಳು. ತಲೆಗೂದಲೆಲ್ಲ ಉದುರಿದ್ದ ಅವಳ ಮುಖದಲ್ಲಿ ಕಣ್ಣುಗಳೇ ದೊಡ್ಡವಾಗಿ ಕಾಣುತ್ತಿದ್ದವು. "ಕಂಪ್ಯೂಟರಲ್ಲೆಲ್ಲ ನೋಡ್ಬ್ಯಾಡ. ನಾವೇ ನೋಡಾಣ."

"ಆಗ್ಲಿ ಕಣವ್ವ," ಎಂದರು ಇವರು.

ನಡುನಡುವೆ ನನಗೂ ವಿವರಿಸುತ್ತಿದ್ದರು. ಆ ಸಂಖ್ಯೆಯನ್ನು ಒಡೆಯುವ ಅವಿಭಾಜ್ಯ ಸಂಖ್ಯೆ ಏನಾದರೂ ಇದ್ದರೆ, ಅದನ್ನು ಮೂವತ್ತನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕಂತೆ. ಹಾಗಾಗಿ ಸಿಕ್ಕಿದ್ದರಿಂದೆಲ್ಲ ಭಾಗಿಸಬೇಕಿಲ್ಲ. ನೂರಾ ಮೂರು, ನೂರಾ ಮೂವತ್ತೇಳು, ಇನ್ನೂರ ಮೂವತ್ತೊಂಬತ್ತು, ಹೀಗೆ ಆರಿಸಿ ಆರಿಸಿ ಭಾಗಿಸುತ್ತ ಹೋದರು. ಪ್ರತಿ ಸಲವೂ ಏನಾದರೂ ಶೇಷ ಉಳಿಯುತ್ತಿತ್ತು. ಉಳಿದಾಗಲೆಲ್ಲ ಅವಳು ಗೆದ್ದವಳಂತೆ ನನ್ನ ಕಡೆ ನೋಡುತ್ತಿದ್ದಳು.

ಮಳೆಗಾಲ ಮುಗಿಯುವ ಮೊದಲೇ ಅವಳು ಹೋಗಿಬಿಟ್ಟಳು.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಇವರು ಅಡುಗೆಮನೆಯ ಕ್ಯಾಲೆಂಡರಿನ ಹಳೇ ಹಾಳೆ ಹರಿದುಕೊಂಡು ಕೂತರು. ಹಿಂಬದಿಯಲ್ಲಿ ಹದಿನೇಳು ಒಂದುಗಳು. ಅಂದಿನಿಂದ ಕಾಲೇಜಿಂದ ಬಂದವರು ಕಾಫಿ ಕುಡಿದು ದಿನಕ್ಕೊಂದು ಭಾಗಾಕಾರ ಮಾಡುತ್ತಾರೆ. ಶೇಷ ಬಂದರೆ ಹಾಳೆ ಮಡಚಿಟ್ಟು ಏಳುತ್ತಾರೆ. ಮಗಳ ಹೆಸರು ಎತ್ತುವುದಿಲ್ಲ. ನಾನು ಎತ್ತಿದರೆ ಹೊರಗೆ ಹೋಗಿಬಿಡುತ್ತಾರೆ.

ಒಂದು ದಿನ ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಮೊಬೈಲಿನಲ್ಲಿ ಆ ಒಂದುಗಳನ್ನು ಒತ್ತಿ ನೋಡಿದೆ. ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಇಪ್ಪತ್ತು ಲಕ್ಷದ ಎಪ್ಪತ್ತೊಂದು ಸಾವಿರದ ಏಳುನೂರ ಇಪ್ಪತ್ತಮೂರರಿಂದ ಅದು ಶೇಷವಿಲ್ಲದೆ ಭಾಗವಾಗುತ್ತದೆ. ಮಗಳು ಹೇಳಿದ್ದು ಸುಳ್ಳಾಗಿತ್ತು. ಬಸ್ಸಿನಲ್ಲಿ ಮನೆವರೆಗೂ ಅದನ್ನು ಕೆಂಡದ ಹಾಗೆ ಹಿಡಿದುಕೊಂಡು ಬಂದೆ. ಸಂಜೆ ಇವರು ಹಾಳೆ ಹರಡಿದಾಗ ತಡೆಯಲಾಗಲಿಲ್ಲ.

"ರೀ, ಅದು ಒಡಿಯುತ್ತಂತೆ."

ಇವರು ತಲೆ ಎತ್ತಲಿಲ್ಲ. "ಗೊತ್ತು ಕಣೆ. ಡಾಕ್ಟ್ರು ಇನ್ನು ನಮ್ಮ ಕೈಲಿಲ್ಲ ಅಂದ್ರಲ್ಲ, ಆವತ್ತೇ ಆಸ್ಪತ್ರೆ ಮೆಟ್ಲ ಮೇಲೆ ಕೂತ್ಕೊಂಡು ನೋಡ್ದೆ. ಅವಳಿಗೆ ಹೇಳ್ಲಿಲ್ಲ."

"ಮತ್ತೆ ಇದ್ಯಾಕೆ?"

"ಇಪ್ಪತ್ತು ಲಕ್ಷ ದಾಟೋವರ್ಗೂ ಅದು ಯಾವುದಕ್ಕೂ ಒಡಿಯಲ್ಲ. ದಿನಕ್ಕೊಂದು ಮಾಡಿದ್ರೆ ಅಷ್ಟು ದೂರ ಹೋಗಕ್ಕೆ ಇಪ್ಪತ್ತೈದು ವರ್ಷದ ಮೇಲಾಗುತ್ತೆ. ಅಷ್ಟು ದಿನ ನಾನಿರಲ್ಲ ಬಿಡು."

ಅವರ ಕೈಮೇಲೆ ಕೈ ಇಟ್ಟೆ. ಮೆಲ್ಲಗೆ ಬಿಡಿಸಿಕೊಂಡರು. ಬರೆಯುವುದು ಆ ಕೈಯಲ್ಲಿ.

ಅವರಿಗೆ ಆ ಹಾಳೆ ಇದೆ. ಅಂಥದ್ದೊಂದು ನನಗೆ ಇನ್ನೂ ಸಿಕ್ಕಿಲ್ಲ. ಬೆಳಗಿನ ಅರಕಲಗೂಡು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅಳುತ್ತೇನೆ. ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿದೆ ಎಂದುಕೊಂಡು ಪಕ್ಕದವರು ಗಾಜು ಎಳೆಯುತ್ತಾರೆ. ನಾನು ಬೇಡ ಎನ್ನುವುದಿಲ್ಲ.