ಸೊಲ್ಲು ಎತ್ತಲಾರದ ಹೇಮಾ

ಮಂಕಿ ಊರಿನ ಹೇಮಾಗೆ ಬಹಳ ಹಾಡು ಬರುತ್ತಿತ್ತು, ಎಲ್ಲವೂ ಅರ್ಧರ್ಧ. ಅವಳ ಕೇರಿಯಲ್ಲಿ ಮದುವೆಯ ಹಾಡಿಗೆ ಇಬ್ಬರು ಬೇಕು. ಒಬ್ಬಳು ಸೊಲ್ಲು, ಎಂದರೆ ಮೊದಲ ಸಾಲು, ಎತ್ತಬೇಕು, ಇನ್ನೊಬ್ಬಳು ಎರಡನೆಯದನ್ನು ಹಾಡಿ ಮುಗಿಸಬೇಕು. ಅಜ್ಜಿ ಮಂಜಿ ಮೊಮ್ಮಗಳನ್ನೂ ಪಕ್ಕದ ಮನೆಯ ಕಲ್ಪನಾಳನ್ನೂ ಒಟ್ಟಿಗೆ ಕೂರಿಸಿಕೊಂಡು ಕಲಿಸಿದ್ದಳು. ಎತ್ತುವವಳಿಗೆ ಎದೆ ಬೇಕು, ಮುಗಿಸುವವಳಿಗೆ ಕಿವಿ ಸಾಕು ಎಂದು ಹೇಮಾಗೆ ಎರಡನೆಯ ಸಾಲು ಕೊಟ್ಟವಳೂ ಅವಳೇ.

ಹಾಡಿನ ಕ್ರಮವೇ ಬದುಕಿಗೂ ಬಂತು. ಹೊನ್ನಾವರದ ಕಾಲೇಜಿನಲ್ಲಿ ಕಲ್ಪನಾ ಕಾಮರ್ಸ್ ಎಂದರೆ ಹೇಮಾಳೂ ಕಾಮರ್ಸ್. ಕ್ಯಾಂಟೀನಿನಲ್ಲಿ ನಿನಗೇನು ಬೇಕೆಂದು ಯಾರಾದರೂ ಕೇಳಿದರೆ ಇವಳು ಕಲ್ಪನಾಳ ಮುಖ ನೋಡುತ್ತಿದ್ದಳು.

ಓದು ಮುಗಿದ ಮೇಲೆ ಕಲ್ಪನಾ ಭಟ್ಕಳದ ಬಟ್ಟೆ ಅಂಗಡಿ ಸೇರಿ, ಅಲ್ಲಿಯ ಹುಡುಗಿಯರೊಡನೆ ರೂಮು ಮಾಡಿದಳು. ಸ್ವಲ್ಪ ದಿನದಲ್ಲೇ ಅವಳ ಮಾತಿಗೆ ಉರ್ದು ಸೇರಿತು, ನಗುವ ರೀತಿಯೂ ಬೇರೆಯಾಯಿತು. ಹೇಮಾ ಆ ಹೊಸ ನಗೆಯನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದಳು.

ಹೇಮಾಳ ಅಣ್ಣ ದೇವುವಿಗೆ ಮದುವೆಯ ಅರಿಶಿನ ಹಚ್ಚುವ ಬೆಳಿಗ್ಗೆ ಕಲ್ಪನಾಳ ಫೋನು ಬಂತು.

"ಬರೂಕೆ ಆಗುದಿಲ್ಲ ಮಾರಾಯ್ತಿ. ರೂಮಿನವ್ರ ಸಂಗ್ತಿ ಮುರ್ಡೇಶ್ವರಕ್ಕೆ ಹೊರಟಿದ್ದೆ."

ಹಾಡು ಯಾರು ಎತ್ತುವುದು ಎಂದು ಹೇಮಾ ಕೇಳಿದಳು.

"ನೀನೇ ಎತ್ತು. ಎಂತ, ಬಾಯಿಲ್ವಾ ನಿಂಗೆ?"

ಹಾಡಿಲ್ಲದೆ ಅರಿಶಿನ ಹಚ್ಚುವಂತಿಲ್ಲ. ಮದುಮಗನ ತಂಗಿಯೋ ಅವಳ ಹಾಡಿನ ಜೊತೆಗಾತಿಯೋ ಎದುರಿಗಿರುವಾಗ ಬೇರೆಯವರು ಮೊದಲು ಬಾಯಿ ತೆರೆಯುವುದೂ ಅಲ್ಲಿ ಮರ್ಯಾದೆಯಲ್ಲ. ಅಜ್ಜಿಗೆ ಉಬ್ಬಸ, ಸ್ವರ ನಿಲ್ಲುತ್ತಿರಲಿಲ್ಲ. ಹೆಂಗಸರೆಲ್ಲ ಸುತ್ತ ಕೂತು ಹೇಮಾಳನ್ನೇ ನೋಡಿದರು. ವರ್ಷಗಟ್ಟಲೆ ಕೇಳಿದ್ದ ಮೊದಲ ಸಾಲು ಅವಳ ನಾಲಿಗೆಗೆ ಬರಲಿಲ್ಲ. ಅಜ್ಜಿ ಕಿವಿಯಲ್ಲಿ ಹೇಳಿಕೊಟ್ಟಳು. ಹೇಮಾ ಕಣ್ಣು ಮುಚ್ಚಿ ಎತ್ತಿದಳು.

ಹೊರಟದ್ದು ಕಲ್ಪನಾಳ ಸ್ವರ. ಕೊನೆಯಲ್ಲಿ ಮೂಗಿನಿಂದ ಎಳೆಯುವುದು, ನಡುವೆ ಉಸಿರು ಕಡಿಯುವುದು, ಎಲ್ಲವೂ ಅವಳದೇ.

"ಕಲ್ಪನಾ ಬಂದ್ಳನೇ?" ಎಂದು ಯಾರೋ ನಕ್ಕರು.

ಅಜ್ಜಿ ನಗಲಿಲ್ಲ. "ಅದು ಅವಳ್ದು. ನಿಂದು ತೆಗಿ," ಎಂದಳು.

ಹೇಮಾ ಮತ್ತೆ ಬಾಯಿ ತೆರೆದಳು. ಗಂಟಲಿನೊಳಗೆ ಹುಡುಕಿದಳು. ಅಲ್ಲಿ ಏನೂ ಇರಲಿಲ್ಲ. ಅಣ್ಣ ಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಬಟ್ಟಲಿನ ಅರಿಶಿನ ಅಂಚಿನಲ್ಲಿ ಒಣಗುತ್ತಿತ್ತು.

ಕೊನೆಗೆ ಸೋದರತ್ತೆ ಮಾದಿ, ಬೇಸರ ಮುಚ್ಚಿಡದೆ, ತಾನೇ ಸೊಲ್ಲು ಎತ್ತಿದಳು. ಒರಟು, ತಗ್ಗು ಸ್ವರ. ಎರಡನೆಯ ಸಾಲಿಗೆ ಹೇಮಾಳ ಬಾಯಿ ತಾನಾಗಿ ತೆರೆಯಿತು. ಅತ್ತೆಯ ಸ್ವರದಲ್ಲೇ, ಒಂದೂ ತಪ್ಪಿಲ್ಲದೆ, ಮುಗಿಸಿದಳು.